ನಿಂಬೆಹಣ್ಣು ಮತ್ತು ಸೊರಗಿದ ಟೈರು

ಕಾರಿನ ಯಜಮಾನ ಟೈರಿಗೆ ಕುಂಕುಮ ಹಚ್ಚಿದ, ಗಾಳಿ ಮಾತ್ರ ಹಾಕಿಸಲಿಲ್ಲ. ಕಾರು ವಿಪರೀತ ಪೆಟ್ರೋಲು ಕುಡಿಯುವುದಕ್ಕೆ ಯಾರದೋ ಕೆಟ್ಟ ಕಣ್ಣೇ ಕಾರಣವೆಂದು ನಂಬಿ, ಆಯುಧಪೂಜೆಯ ದಿನ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟ.

“ಟೈರಣ್ಣ, ನಾನು ಸತ್ತರೆ ಪೆಟ್ರೋಲು ಉಳಿಯುತ್ತದೆಯೇ?” ಎಂದು ನಿಂಬೆಹಣ್ಣು ಕೇಳಿತು.

“ಎಲ್ಲಿಯ ಮಾತು ತಂಗಿ! ಗಾಳಿಯಿಲ್ಲದೆ ನಾನು ನೆಲಕ್ಕಂಟಿ ತೆವಳುತ್ತೇನೆ. ನನ್ನನ್ನು ಎಳೆಯಲು ಎಂಜಿನ್ನು ಹೆಚ್ಚು ಕುಡಿಯುತ್ತದೆ.”

“ಅದನ್ನು ಅವನಿಗೆ ಹೇಳಬಾರದಿತ್ತೇ?”

“ವರ್ಷವಿಡೀ ಚಪ್ಪಟೆಯಾಗಿ ತೋರಿಸಿದೆ. ಅವನು ಬಗ್ಗಿದ್ದು ಇವತ್ತೇ, ಅದೂ ನಿನ್ನನ್ನು ಇಡಲು.”

ಕಾರು ಮುಂದೆ ಸರಿಯಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಟೈರು ಮೊದಲಿನಂತೆಯೇ ತೆವಳಿತು.

ಓದುಗರೇ, ನಿಂಬೆಹಣ್ಣನ್ನು ಪಾನಕಕ್ಕೆ ಉಳಿಸಿ. ಇವತ್ತೇ ಬಂಕಿಗೆ ಹೋಗಿ ಟೈರಿಗೆ ಗಾಳಿ ಹಾಕಿಸಿ.