ದೋಣಿಯಲ್ಲಿ ಬಿಟ್ಟ ಸಂದು

ಶಿಷ್ಯನೊಬ್ಬ ಖಾಲಿ ಮೊರ ಹಿಡಿದುಕೊಂಡು ಬಂದು ಗುರುಗಳ ಮುಂದೆ ನಿಂತ.

"ಗುರುಗಳೇ, ಮಠದ ಅಡುಗೆಗೆ ಭತ್ತ ಮುಗಿದಿದೆ. ಊರಿನವರು ನಮ್ಮಲ್ಲಿ ಇಟ್ಟುಹೋದ ಬಿತ್ತನೆಯ ಭತ್ತ ಉಗ್ರಾಣದಲ್ಲಿ ಬೇಕಾದಷ್ಟಿದೆ. ಅದರಲ್ಲಿ ಒಂದು ಮೊರ ತೆಗೆದುಕೊಂಡು, ಮಠಕ್ಕೆ ಕಾಣಿಕೆ ಬಂದಾಗ ಅಷ್ಟೇ ತುಂಬಿಸಿಟ್ಟರೆ ತಪ್ಪೇನು? ನಾವೇನು ಮೋಸ ಮಾಡುವವರೇ?"

ಗುರುಗಳು ಮೊರವನ್ನು ನೋಡಿ, "ಕೂತುಕೋ. ಹಸಿವು ಒಂದು ಕತೆಯಷ್ಟು ಹೊತ್ತು ತಡೆಯುತ್ತದೆ" ಎಂದು ಹೇಳತೊಡಗಿದರು.

ಕಡಲ ತೀರದ ಒಂದೂರಿನಲ್ಲಿ ಒಬ್ಬ ಬೆಸ್ತನಿದ್ದ. ಬುದ್ಧಿ ಬಂದಾಗಿನಿಂದ ಬೇರೆಯವರ ದೋಣಿಯಲ್ಲಿ ಬಲೆ ಎಳೆದು ಅವನಿಗೆ ಸಾಕಾಗಿಹೋಗಿತ್ತು. ಕಡೆಗೆ ಹೆಂಡತಿ ಕೈಬಳೆ ಬಿಚ್ಚಿಕೊಟ್ಟಳು. ಇವನು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದನ್ನೂ ಅದಕ್ಕೆ ಸೇರಿಸಿ, ದೋಣಿ ಕಟ್ಟುವ ಆಚಾರಿಗೆ ಮುಂಗಡ ಕೊಟ್ಟ. ಅದೊಂದು ಕೈತಪ್ಪಿದರೆ ಈ ಜನ್ಮದಲ್ಲಿ ಮತ್ತೆ ದೋಣಿಯ ಮಾತೆತ್ತುವ ಹಾಗಿರಲಿಲ್ಲ.

ಆ ಆಚಾರಿಯದು ಒಂದು ಪದ್ಧತಿ. ಯಾರು ಮುಂಗಡ ಕೊಟ್ಟರೂ ಅದು ಅವನ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಕೊಟ್ಟವನನ್ನೇ ಜೊತೆಗೆ ಕರೆದುಕೊಂಡು ಹೋಗಿ ಅಷ್ಟಕ್ಕೂ ಮರ ಕೊಳ್ಳುತ್ತಿದ್ದ. ಹಲಗೆ ಕೊಯ್ದ ಮೇಲೆ ಒಂದೊಂದರ ಮೇಲೂ ಅವನ ಕೈಯಿಂದಲೇ ಉಳಿಯಲ್ಲಿ ಗುರುತು ಹಾಕಿಸುತ್ತಿದ್ದ. "ಮರ ನಿನ್ನದು. ನನ್ನದು ಬರೀ ಕೆಲಸ. ಕೂಲಿಯನ್ನು ದೋಣಿ ನೀರಿಗಿಳಿದ ದಿನ ಕೊಡು" ಎನ್ನುತ್ತಿದ್ದ. ನಮ್ಮ ಬೆಸ್ತ ಮೀನಿನ ಗುರುತು ಕೆತ್ತಿದ. ನೋಡಿದವರಿಗೆ ಅದು ಸೌತೆಕಾಯಿಯ ಹಾಗೆ ಕಾಣುತ್ತಿತ್ತು. ಇರಲಿ, ಗುರುತು ಗುರುತೇ.

ದೋಣಿ ಎದ್ದು ನಿಂತಿತು. ಮೀನಿನ ಕಾಲ ಹತ್ತಿರ ಬಂದಾಗ, ಬಗ್ಗಿಸುವ ಹೊತ್ತಿನಲ್ಲಿ ಒಂದು ಹಲಗೆ ಸೀಳಿಹೋಯಿತು. ಪಕ್ಕೆಯಲ್ಲಿ ಒಂದು ಸಂದು ಉಳಿಯಿತು. ಹೊಸ ಮರ ಘಟ್ಟದ ಮೇಲಿನಿಂದ ಇಳಿದು ಬರಬೇಕು, ಹೊಳೆಯೋ ತುಂಬಿ ಹರಿಯುತ್ತಿದೆ. ಆದರೆ ಅದೇ ಅಂಗಳದಲ್ಲಿ ಇನ್ನೊಬ್ಬನ ಹಲಗೆಗಳ ರಾಶಿ ಬಿದ್ದಿತ್ತು. ಅದರ ಯಜಮಾನ ದೂರದ ಬಂದರಿಗೆ ದುಡಿಯಲು ಹೋಗಿದ್ದ, ಅವನ ದೋಣಿಯ ಕೆಲಸ ಇನ್ನೂ ಶುರುವಾಗಿರಲಿಲ್ಲ.

"ಅದರಲ್ಲೊಂದು ಹಾಕಿಬಿಡು ಆಚಾರಿ. ನನ್ನದು ಬಂದಾಗ ಅಲ್ಲಿಟ್ಟರಾಯಿತು. ಯಾರ ಗಂಟು ಹೋಗುತ್ತದೆ?" ಎಂದು ಬೆಸ್ತ ಕೇಳಿದ.

"ನನ್ನದಾಗಿದ್ದರೆ ಈಗಲೇ ಹಾಕುತ್ತಿದ್ದೆ" ಎಂದು ಹೇಳಿ ಆಚಾರಿ ಉಳಿ ಮಸೆಯಲು ಕೂತ.

ಬೆಸ್ತನಿಗೆ ಮೈಯೆಲ್ಲ ಉರಿಯಿತು. ಆಚಾರಿಯ ತಲೆಯಲ್ಲಿರುವುದು ಮರದ ಹೊಟ್ಟು ಎಂದು ಕಡಲ ತೀರದುದ್ದಕ್ಕೂ ಹೇಳಿಕೊಂಡು ತಿರುಗಿದ. ಮೀನಿನ ಕಾಲ ಬಂತು, ಅವನು ಮತ್ತೆ ಬೇರೆಯವರ ಬಲೆಯನ್ನೇ ಎಳೆದ.

ಅಷ್ಟರಲ್ಲಿ ಆಚಾರಿಯ ಗ್ರಹಚಾರ ಕೆಟ್ಟಿತು. ಸ್ವಂತ ಸಾಲದಲ್ಲಿ ಒಂದು ದೊಡ್ಡ ಹಡಗು ಕಟ್ಟಿ ಮಾರಲು ಕಳಿಸಿದ್ದ. ಅದು ಬಂಡೆಗೆ ಬಡಿದು ಮುಳುಗಿತು. ಸಾಲ ಕೊಟ್ಟ ಸಾಹುಕಾರ ಊರ ಪಟೇಲನನ್ನು ಕರೆದುಕೊಂಡು ಅಂಗಳಕ್ಕೆ ಬಂದ. ಸುದ್ದಿ ಬೆಸ್ತನ ಕಿವಿಗೂ ಬಿತ್ತು. ಹೆಂಡತಿಯ ಬರಿಗೈ ಕಣ್ಣಮುಂದೆ ಬಂತು. ಓಡಿ ಬಂದು ನೋಡಿದರೆ, ಆಚಾರಿಯ ಉಳಿ, ಬಾಚಿ, ಮನೆಯ ತೊಟ್ಟಿಲು ಎಲ್ಲ ಆಗಲೇ ಗಾಡಿಯ ಮೇಲಿದ್ದವು.

ಸಾಹುಕಾರ ಅಂಗಳದಲ್ಲಿ ಊರವರಿಗಾಗಿ ಕಟ್ಟುತ್ತಿದ್ದ ದೋಣಿಗಳ ಕಡೆ ತಿರುಗಿದಾಗ ಮಾತ್ರ ಆಚಾರಿ ಅಡ್ಡ ಬಂದ. "ಇವು ನನ್ನವಲ್ಲ. ಗುರುತು ನೋಡಿಕೊಳ್ಳಿ" ಎಂದ.

ಸಾಹುಕಾರ ನಕ್ಕ. "ಗುರುತನ್ನು ಯಾವಾಗ ಬೇಕಾದರೂ ಕೆತ್ತಬಹುದು. ಅವಸರ ಬಿದ್ದಾಗ ಒಬ್ಬನ ಮರ ಇನ್ನೊಬ್ಬನ ದೋಣಿಗೆ ಹೋಗಿಯೇ ಇರುತ್ತದೆ. ಹೋಗಿದ್ದರೆ ಗುರುತಿಗೆ ಬೆಲೆಯಿಲ್ಲ, ಇದೆಲ್ಲ ಇವನದೇ ಮರ, ನನಗೆ ಸೇರಬೇಕು" ಎಂದ. ಪಟೇಲ ಆ ಮಾತಿಗೆ ಒಪ್ಪಿದ. ಒಂದೇ ಒಂದು ಹಲಗೆ ಅದಲುಬದಲಾಗಿದ್ದರೂ ಎಲ್ಲವೂ ಸಾಹುಕಾರನಿಗೆ ಎಂದು ತೀರ್ಮಾನವಾಯಿತು.

ಪಟೇಲ ಹಲಗೆ ಹಲಗೆಯನ್ನೂ ಕೈಯಿಂದ ತಡವಿ ನೋಡುತ್ತ ಬಂದ. ಎಲ್ಲೂ ಗುರುತು ಬೆರೆತಿರಲಿಲ್ಲ. ಕಡೆಗೆ ಬೆಸ್ತನ ದೋಣಿಯ ಹತ್ತಿರ ಬಂದಾಗ ಅವನ ಕೈ ಸಂದಿನೊಳಗೆ ಹೋಯಿತು. ಇದೇಕೆ ಹೀಗೆ ಬಿಟ್ಟಿದೆ ಎಂದು ಕೇಳಿದ. ಇವನ ಹಲಗೆ ಇನ್ನೂ ಬಂದಿಲ್ಲ ಎಂದು ಆಚಾರಿ ಹೇಳಿದ. ಪಟೇಲ ಪಕ್ಕದ ರಾಶಿಯನ್ನು ನೋಡಿದ, ಮತ್ತೆ ಸಂದನ್ನು ನೋಡಿದ. ಆಮೇಲೆ ಸಾಹುಕಾರನಿಗೆ, "ನೀವಿನ್ನು ಹೊರಡಿ. ಈ ದೋಣಿಗಳನ್ನು ಮುಟ್ಟುವ ಹಾಗಿಲ್ಲ" ಎಂದ.

ಅವತ್ತು ಆ ಹಲಗೆ ಕೇಳಿ ತಾನು ಏನು ಮಾಡಲಿದ್ದೆ ಎಂಬುದು ಬೆಸ್ತನಿಗೆ ಆಗ ತಿಳಿಯಿತು. ಆಚಾರಿಯ ಎರಡೂ ಕೈ ಹಿಡಿದುಕೊಂಡು, "ಅವತ್ತು ನೀನು ನನ್ನ ಮಾತು ಕೇಳಲಿಲ್ಲವಲ್ಲ, ನಿನ್ನ ಋಣ ನಾನು ತೀರಿಸಲಾರೆ" ಎಂದು ಅತ್ತುಬಿಟ್ಟ. ಆಚಾರಿ, "ತಲೆಯಲ್ಲಿ ಹೊಟ್ಟು ಇರುವುದಕ್ಕೂ ಒಂದು ಪ್ರಯೋಜನ ಉಂಟಲ್ಲ" ಎಂದ.

ಅಲ್ಲಿ ದೋಣಿ ಕಟ್ಟಿಸುತ್ತಿದ್ದವರೆಲ್ಲ ಕೂಡಿ ಅವನ ಉಳಿ ಬಾಚಿಗಳನ್ನು ಬಿಡಿಸಿಕೊಟ್ಟರು, ತೊಟ್ಟಿಲನ್ನು ಮೊದಲು ಬಿಡಿಸಿದರು. ಹೊಳೆ ಇಳಿದ ಮೇಲೆ ಬೆಸ್ತನ ಹಲಗೆ ಬಂತು, ಆಚಾರಿಯೇ ಅದನ್ನು ಕೂರಿಸಿದ. ಆಮೇಲೆ ಪ್ರತಿ ಮೀನಿನ ಕಾಲದಲ್ಲೂ ಬೆಸ್ತನ ಮೊದಲ ಬುಟ್ಟಿ ಆಚಾರಿಯ ಮನೆ ಬಾಗಿಲಲ್ಲಿ ಇಳಿಯುತ್ತಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮೊರ ಎತ್ತಿಕೊಂಡು, "ಆದರೂ ಗುರುಗಳೇ, ನಾವು ಮೋಸ ಮಾಡುವವರಲ್ಲವಲ್ಲ" ಎಂದ.

"ದಿವಾಳಿಯಾದ ಆ ಆಚಾರಿಯೂ ಮೋಸ ಮಾಡುವವನಾಗಿರಲಿಲ್ಲ, ಮಗು" ಎಂದರು ಗುರುಗಳು.

ಶಿಷ್ಯ ಹೋಗಿ ಮೊರವನ್ನು ಗೋಡೆಯ ಗೂಟಕ್ಕೆ ತಗುಲಿಹಾಕಿದ.