ಮಣಿದಾನೆ ಗುಡ್ಡ

ನಮ್ಮೂರಿನ ಪಡುವಣಕ್ಕೆ, ಕಾಡು ಶುರುವಾಗುವಲ್ಲಿ, ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯಲ್ಲಿ ಮುಂಗಾಲು ಮಡಿಸಿ ಕೂತ ಕಲ್ಲಾನೆ. ಕೊರಳ ಮೇಲೆ ಮಾವುತನಿಲ್ಲ, ಬೆನ್ನ ಮೇಲೆ ಅಂಬಾರಿಯಿಲ್ಲ. ಎಡಗಿವಿಯ ಹಿಂದೆ ಬೆರಳು ಹೋಗುವಷ್ಟು ಒಂದು ಕುಳಿ. ಆನೆ ದೇವಿಗೆ ಮಣಿಯಿತು, ಅದಕ್ಕೇ ಈ ಹೆಸರು ಎನ್ನುತ್ತಾರೆ ಪೇಟೆಯಿಂದ ಬಂದವರು. ನಮ್ಮವರೂ ಹೂಂಗುಟ್ಟುತ್ತಾರೆ. ಗುಡ್ಡದ ಮೇಲೆ ದೇವಿಯ ಗುಡಿಯೇ ಇಲ್ಲವಲ್ಲ ಎಂದು ಯಾರೂ ಕೇಳುವುದಿಲ್ಲ. ನಿಜ ಹೇಳಲು ನಾಚಿಕೆ, ಅಷ್ಟೇ.

ಹಿಂದೆ ಒಮ್ಮೆ, ಪರಂಗಿಯವರು ಆಫ್ರಿಕಾದ ಒಳನಾಡನ್ನು ಹುಡುಕಿ ಹೊರಟ ಕಾಲದಲ್ಲಿ, ಅವರಲ್ಲೊಬ್ಬ ದೊರೆ ಇಲ್ಲಿಗೂ ಬಂದು ಸಾಮಾನು ಹೊರಲು ಗೌರಿ ಎಂಬ ಹೆಣ್ಣಾನೆಯನ್ನೂ ಅದರ ಮಾವುತ ಬೊಮ್ಮನನ್ನೂ ಹಡಗು ಹತ್ತಿಸಿಕೊಂಡು ಹೋದನಂತೆ. ಗೌರಿಯದೊಂದು ಅಭ್ಯಾಸವಿತ್ತು. ಬಳಲಿದವರು ಬಂದು ಮುಂಗಾಲು ಮುಟ್ಟಿದರೆ ಸಾಕು, ಮಂಡಿಯೂರಿ ಬೆನ್ನು ಕೊಡುತ್ತಿದ್ದಳು. ಕಾಡಿನ ಜನರ ಹಾಡಿಯಿಂದ ಕಾಯಿಲೆಯವರನ್ನು ಹೊತ್ತು ತರಲು ಬೊಮ್ಮನೇ ಕಲಿಸಿದ ಪಾಠ ಅದು. ಆ ನಾಡಿನಲ್ಲಿ ದಾರಿ ತಪ್ಪಿತು, ಜ್ವರ ಹಬ್ಬಿತು, ಹೊರೆಯಾಳುಗಳು ಒಬ್ಬೊಬ್ಬರಾಗಿ ಕುಸಿದರು. ದೊರೆ ಮಾತ್ರ ತನ್ನ ಸ್ನಾನದ ತೊಟ್ಟಿಯನ್ನು ಬಿಡಲೊಲ್ಲ. ಅದು ಗೌರಿಯ ಬೆನ್ನ ಮೇಲಿತ್ತು. ಒಂದು ಮಧ್ಯಾಹ್ನ ಖಮೀಸಿ ಎಂಬ ಆಳು ತೆವಳುತ್ತ ಬಂದು ಅವಳ ಮುಂಗಾಲು ಮುಟ್ಟಿದ. ಬೊಮ್ಮನಿಗೆ ತನ್ನ ಬುತ್ತಿಯಲ್ಲಿ ಪಾಲು ಕೊಟ್ಟಿದ್ದವನು ಅವನು. ಗೌರಿ ಮಂಡಿಯೂರಿದಳು. ತೊಟ್ಟಿ ಇಳಿಸಿದ್ದರೆ ಅವನಿಗೆ ಜಾಗವಾಗುತ್ತಿತ್ತು. "ಎಬ್ಬಿಸು!" ಎಂದು ದೊರೆ ಕೂಗಿದ.

ಬೊಮ್ಮ ಒಬ್ಬನೇ ಹಿಂತಿರುಗಿದಾಗ ಊರೆಲ್ಲ ಹಾರ ಹಿಡಿದು ನಿಂತಿತ್ತು. "ಗೌರಿ ಎಲ್ಲೋ?" ಎಂದರು ಪಟೇಲರು.

"ಅವ್ಳು ಮಂಡಿ ಊರಿದ್ಲು ಬುದ್ದಿ. ನಾನೇ ಕಿವಿ ಹಿಂದೆ ಅಂಕುಶ ಹಾಕಿ ಏಳ್ಸ್‌ಬುಟ್ಟೆ. ಕಾಲು ಮುಟ್ಟಿದ್ ಖಮೀಸಿ ನನ್ನ ಮುಖಾನೇ ನೋಡ್ತಾ ಅಲ್ಲೇ ಉಳ್ಕೊಂಡ. ಆಮೇಲೆ ಗೌರಿ ಹೇಳ್ದಂಗೆಲ್ಲ ನಡೆದ್ಲು, ಆದ್ರೆ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ. ಹಂಗೇ ಸತ್ತೋದ್ಲು."

ಪಟೇಲರ ಹಾರ ಅವರ ಕೈಯಲ್ಲೇ ಉಳಿಯಿತು. ಡೋಲು ಬಡಿಸಿ ಆನೆ ಕಳಿಸಿದವರು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು.

ಬೊಮ್ಮ ತನ್ನ ಸಂಬಳವನ್ನೆಲ್ಲ ಕಲ್ಲುಕುಟಿಗನಿಗೆ ಕೊಟ್ಟು ಈ ಆನೆ ಮಾಡಿಸಿದ. ಕಿವಿಯ ಹಿಂದಿನ ಕುಳಿಯನ್ನು ಮಾತ್ರ ತಾನೇ ಉಳಿ ಹಿಡಿದು ಕೊರೆದನೆನ್ನುತ್ತಾರೆ. ಇಂದಿಗೂ ಸೌದೆ ಹೊತ್ತು ಬರುವ ಹೆಂಗಸರು ಹೊರೆಯನ್ನು ನೆಲಕ್ಕೆ ಹಾಕುತ್ತಾರೆ, ಆನೆಯ ಮೇಲಿಡುವುದಿಲ್ಲ. ಪೇಟೆಯವರು ಮಕ್ಕಳನ್ನು ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆಯುತ್ತಾರೆ. ನಾವು ಬೇಡವೆನ್ನುವುದಿಲ್ಲ. ಯಾರಾದರೂ ಹತ್ತಿ ಕೂರಲಿ ಎಂದೇ ಬೊಮ್ಮ ಅದನ್ನು ಮಾಡಿಸಿದ್ದು.