ಭಯವಿಲ್ಲ ಎಂದ ಕಡಲ ಪಂಡಿತ

ಕಡಲಂಚಿನ ಒಂದು ಪುಟ್ಟ ರಾಜ್ಯದಲ್ಲಿ ಸಾಂತಯ್ಯ ಎಂಬ ಪಂಡಿತನಿದ್ದ. ಕಡಲ ಕಡೆಯಿಂದ ಯಾವಾಗ, ಯಾರಿಂದ ಅಪಾಯ ಬರಬಹುದೆಂದು ಮೊದಲೇ ತಿಳಿದು ರಾಣಿಗೆ ಹೇಳುವುದು ಅವನ ಉದ್ಯೋಗ. ಇದಕ್ಕೆ ಅವನೇನೂ ಜ್ಯೋತಿಷ್ಯ ನೋಡುತ್ತಿರಲಿಲ್ಲ. ಬಂದರಿನಲ್ಲಿ ಕುಳಿತು ನಾಲ್ಕೂರಿನ ನಾವಿಕರನ್ನು ಮಾತಿಗೆಳೆಯುತ್ತಿದ್ದ. ದೂರದ ದ್ವೀಪದ ಕಡಲ್ಗಳ್ಳರು ದಾಳಿಗೆ ಹೊರಡುವ ಮುಂಚೆ ದೋಣಿಗಳಿಗೆ ಬಳಿಯಲು ಮೀನೆಣ್ಣೆಯನ್ನು ಹಂಡೆಗಟ್ಟಲೆ ಕೊಳ್ಳುತ್ತಾರೆಂದು ಹೀಗೇ ಕಂಡುಕೊಂಡಿದ್ದ. ಎರಡು ಸಲ ಎಚ್ಚರಿಸಿದ್ದ, ಎರಡು ಸಲವೂ ಊರು ಉಳಿದಿತ್ತು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದಂಡನಾಯಕ ವೀರಣ್ಣ ಅವನ ಮನೆಗೇ ಬಂದ. ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ, ಮೀನುಗಾರರ ಕೇರಿಯನ್ನು ಒಕ್ಕಲೆಬ್ಬಿಸಿ, ತನ್ನ ಹೆಸರಿನ ಕೋಟೆ ಕಟ್ಟಿಸಬೇಕೆಂಬುದು ಅವನ ಬಹುದಿನದ ಆಸೆ. ಈ ಸಲ ದೊಡ್ಡ ದಾಳಿ ಕಾದಿದೆ ಎಂದು ಸಾಂತಯ್ಯ ಸಭೆಯಲ್ಲಿ ಒಂದು ಮಾತು ಹೇಳಿದರೆ ಸಾಕು, ಮಂತ್ರಿ ಪದವಿ ಕೊಡಿಸುತ್ತೇನೆ ಎಂದ.

ಆದರೆ ದ್ವೀಪದವರು ಆ ವರ್ಷ ಒಂದು ಹನಿ ಎಣ್ಣೆಯನ್ನೂ ಕೊಂಡಿರಲಿಲ್ಲ. ಸಾಂತಯ್ಯನಿಗೆ ಪದವಿಯ ಆಸೆ ಇರಲಿಲ್ಲವೆಂದಲ್ಲ. ಇತ್ತು, ಚೆನ್ನಾಗಿಯೇ ಇತ್ತು. ಹೆಂಡತಿ ನಾಗಲೆ ಬೇರೆ ಚುಚ್ಚಿದಳು: "ಅಪಾಯ ಇಲ್ಲ ಅಂತ ಹೇಳೋದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ?"

ಮರುದಿನ ಸಭೆಯಲ್ಲಿ, ಈ ವರ್ಷ ಕಡಲ ಕಡೆಯಿಂದ ಭಯವಿದೆಯೇ ಎಂದು ರಾಣಿ ಕೇಳಿದಳು. ಕೇರಿಯ ಗುಡಿಸಲುಗಳು ಸಾಂತಯ್ಯನ ಕಣ್ಣ ಮುಂದೆ ಬಂದವು.

"ನನಗೆ ತಿಳಿದಮಟ್ಟಿಗೆ ಈ ವರ್ಷ ಭಯವಿಲ್ಲ, ತಾಯಿ," ಎಂದ.

ಭಯವೇ ಇಲ್ಲದ ಮೇಲೆ ಈ ಪಂಡಿತನಾದರೂ ಏಕೆ ಎಂದು ದಂಡನಾಯಕ ನಕ್ಕ. ಸಭೆಯೂ ನಕ್ಕಿತು. ಬೊಕ್ಕಸ ಬರಿದಾಗಿದ್ದ ಕಾಲ, ರಾಣಿಗೂ ಅದು ಸರಿಯೆನಿಸಿತು. ಕೋಟೆಯೂ ಬೇಡ, ಪಂಡಿತನೂ ಬೇಡ ಎಂದುಬಿಟ್ಟಳು. ಅಂದಿಗೆ ಅವನ ಉದ್ಯೋಗ ಹೋಯಿತು.

ಆ ವರ್ಷ ಯಾವ ದಾಳಿಯೂ ಆಗಲಿಲ್ಲ. ಸಾಂತಯ್ಯ ಬಂದರಿನಲ್ಲಿ ಮೂಟೆಗಳಿಗೆ ಗುರುತು ಹಾಕುವ ಕೆಲಸ ಹಿಡಿದ. ನಾವಿಕರನ್ನು ವಿಚಾರಿಸುವ ಚಾಳಿಯನ್ನು ಮಾತ್ರ ಬಿಡಲಿಲ್ಲ.

ಮರುವರ್ಷ ನೆರೆಯ ಬಂದರಿನಲ್ಲಿ ಮೀನೆಣ್ಣೆಯೇ ಸಿಗುತ್ತಿಲ್ಲ ಎಂಬ ಸುದ್ದಿ ಬಂತು. ಇದ್ದಬದ್ದದ್ದನ್ನೆಲ್ಲ ದ್ವೀಪದವರು ಬಾಚಿಕೊಂಡಿದ್ದರು. ಸಾಂತಯ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಅರಮನೆಗೆ ಓಡಿದ. ಹೋದ ಉದ್ಯೋಗವನ್ನು ಮತ್ತೆ ಗಿಟ್ಟಿಸಲು ಹೂಡಿದ ಆಟವಿದು ಎಂದ ದಂಡನಾಯಕ.

ರಾಣಿ ದಂಡನಾಯಕನ ಕಡೆ ತಿರುಗಿದಳು.

"ಭಯವಿದೆ ಎಂದಿದ್ದರೆ ಉದ್ಯೋಗ ಉಳಿಯುವಂತಿದ್ದ ದಿನ ಈತ ಇಲ್ಲ ಎಂದವನು. ಅಳಿವೆಗೆ ಅಡ್ಡಲಾಗಿ ಸರಪಳಿ ಬಿಗಿಯಿರಿ," ಎಂದಳು.

ವಾರದೊಳಗೆ ಕಳ್ಳರ ದೋಣಿಗಳು ಬಂದವು. ಬಿಗಿದ ಸರಪಳಿಯನ್ನೂ ದಡದಲ್ಲಿ ಸಾಲುಗಟ್ಟಿದ ಸೈನಿಕರನ್ನೂ ಕಂಡು ಬಂದ ದಾರಿಯಲ್ಲೇ ತಿರುಗಿದವು. ಕೇರಿಯ ಒಂದು ಗುಡಿಸಲಿಗೂ ಬೆಂಕಿ ಬೀಳಲಿಲ್ಲ.

ಆ ಸಂಜೆ ನಾಗಲೆ ಕೆಲಸ ಮತ್ತೆ ಸಿಕ್ಕಿತೇ ಎಂದು ವಿಚಾರಿಸಿದಳು.

"ಸಿಕ್ಕಿತು ಮಾರಾಯ್ತಿ," ಎಂದ ಸಾಂತಯ್ಯ. "ಇನ್ಮೇಲೆ ಅಪಾಯ ಇಲ್ಲ ಅಂತ ಹೇಳಿದ್ರೂ ಸಂಬಳ ಕೊಡ್ತಾರಂತೆ."

ನೀತಿ: ತನಗೆ ನಷ್ಟವಾದರೂ ಇಲ್ಲದ ಭಯವನ್ನು ಇಲ್ಲ ಎಂದವನ ಎಚ್ಚರಿಕೆಗೇ, ಭಯ ನಿಜವಾಗಿ ಬಂದ ದಿನ ಬೆಲೆ.